ಬ್ಯಾಡ ಅಂದವರ ಕಾಲಂ

ನಮಸ್ಕಾರ್ರೀ ಎಲ್ಲರಿಗೂ.

ಶುರು ಮಾಡೋಕೆ ಮುಂಚೆ ಎರಡು ಸಲ ಕೈ ಎತ್ತಿಸಿದೆ, ನೆನಪಿದೆಯಲ್ಲ? ಟೆಲಿಮಾರ್ಕೆಟಿಂಗ್ ಮಾಡೋರು ಯಾರು ಅಂದಾಗ ಎದ್ದದ್ದು ಎರಡೇ ಕೈ. ಅಂಗಡಿಯ ಮೊಬೈಲಿನಿಂದ ಗಿರಾಕಿಗಳಿಗೆ "ಹೊಸ ಮಾಲ್ ಬಂದದ, ಬರ್ರಿ" ಅಂತ ಫೋನ್ ಹಚ್ಚೋರು ಯಾರು ಅಂದೆ. ಅರ್ಧ ಸಭೆ ಕೈ ಎತ್ತಿತು. ನಿಯಮದ ಪ್ರಕಾರ ಈ ಎರಡು ಗುಂಪಿನ ನಡುವೆ ವ್ಯತ್ಯಾಸ ಒಂದೇ. ಮೊದಲಿನವರು ನೋಂದಾಯಿಸಿಕೊಂಡಿರಬಹುದು. ಎರಡನೆಯವರು ನೋಂದಾಯಿಸದ ಟೆಲಿಮಾರ್ಕೆಟರ್‌ಗಳು. ಜಾಹೀರಾತಿನ ಫೋನ್ ಬೇಡ ಅಂದವರಿಗೆ ಫೋನ್ ಹೋಗದ ಹಾಗೆ ನೋಡ್ಕೊಳ್ಳೋದು ಹ್ಯಾಗೆ ಅನ್ನೋದೇ ಇವತ್ತಿನ ಮಾತು, ಅದು ಜಾಸ್ತಿ ಎರಡನೇ ಸಲ ಕೈ ಎತ್ತಿದ ನಿಮಗೇ.

ನಾನು ಈ ಕೆಲಸಕ್ಕೆ ಬಂದದ್ದು ಇದೇ ಬೆಳಗಾವಿಯ ಒಂದು ಕೋಚಿಂಗ್ ಕ್ಲಾಸಿನಲ್ಲಿ. ಹೆಸರು ಬೇಡ. ಅಡ್ಮಿಷನ್ ಸೀಸನ್ನು, ನಾಲ್ಕು ಜನ ಹುಡುಗಿಯರು, ನಾಲ್ಕು ಸಿಮ್ಮು, ಒಂದು ಎಕ್ಸೆಲ್ ಹಾಳೆ. ನಂಬರುಗಳು ಎಲ್ಲಿಂದ ಬಂದವು ಅಂತ ನಾವು ಕೇಳಲಿಲ್ಲ, ಕ್ಲಾಸಿನವರೂ ಹೇಳಲಿಲ್ಲ. ಒಂದು ವಾರದಲ್ಲಿ ಒಬ್ಬ ಹಿರಿಯರಿಗೆ ನಮ್ಮ ಆಫೀಸಿನಿಂದ ಮೂರು ಸಲ ಫೋನ್ ಹೋಗಿತ್ತು. ಮೂರನೆಯದು ನನ್ನದು. ಬೈತಾರೆ ಅಂದುಕೊಂಡೆ. ಬೈಯಲಿಲ್ಲ. "ಯವ್ವಾ, ನನ್ನ ಮನ್ಯಾಗ ಕಲಿಯೋ ಹುಡುಗರಾರೂ ಇಲ್ಲ. ಎರಡು ಸಲ ಹೇಳೇನಿ. ಎಲ್ಲಿ ಹೇಳಿದ್ರ ನಿಮ್ಮ ಕಂಪನಿಗೆ ತಿಳೀತದ ಅನ್ನೂದರ ಹೇಳು, ಅಲ್ಲೇ ಹೋಗಿ ಹೇಳ್ತೀನಿ" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಳೆಯಲ್ಲಿ "ಆಸಕ್ತಿ ಇದೆ", "ಮತ್ತೆ ಮಾಡಬೇಕು", "ಎತ್ತಲಿಲ್ಲ" ಅಂತ ಕಾಲಂ ಇದ್ದವು. ಬೇಡ ಅಂದವರಿಗೆ ಕಾಲಮ್ಮೇ ಇರಲಿಲ್ಲ. ಅವರು "ಮತ್ತೆ ಮಾಡಬೇಕು" ಕಾಲಂಗೆ ಹೋಗಿ ಬೀಳ್ತಿದ್ದರು. ಅವತ್ತು ನಾನೇ ಒಂದು ಕಾಲಂ ಹಾಕಿದೆ. ಮೇಲೆ "ಬ್ಯಾಡ ಅಂದಾರ" ಅಂತ ಬರೆದೆ.

ಸರ್ಕಾರದ ಕಾಲಂ ಬಗ್ಗೆ ಈಗ. 2007ರಲ್ಲಿ ಟ್ರಾಯ್, ಅಂದರೆ ಟೆಲಿಕಾಂ ಕಂಪನಿಗಳಿಗೆ ನಿಯಮ ಹಾಕೋ ಸರ್ಕಾರಿ ಪ್ರಾಧಿಕಾರ, ದೇಶಕ್ಕೆಲ್ಲ ಒಂದು ಡು ನಾಟ್ ಕಾಲ್ ಪಟ್ಟಿ ತಂದಿತು, ಜಾಹೀರಾತಿನ ಫೋನ್ ಬೇಡ ಅಂದವರ ಪಟ್ಟಿ. 2010ರ ನಿಯಮದಲ್ಲಿ ಅದು ಗ್ರಾಹಕರ ಆಯ್ಕೆಯ ಪಟ್ಟಿ ಆಯಿತು. ಅಂದರೆ ಪೂರ್ತಿ ಬೇಡ ಅನ್ನಬಹುದು, ಇಲ್ಲ ಬ್ಯಾಂಕಿನದು ಬರಲಿ, ಸೈಟು ಮಾರೋರದು ಬೇಡ ಅಂತ ಆರಿಸಬಹುದು. 1909ಕ್ಕೆ ಫೋನ್ ಮಾಡಿದರೆ ಆಯಿತು, ದುಡ್ಡಿಲ್ಲ. ಬಾಯಿಮಾತಿನಲ್ಲಿ ಇದನ್ನೇ ಡಿಎನ್‌ಡಿ, ಡು ನಾಟ್ ಡಿಸ್ಟರ್ಬ್, ಅಂತೀವಿ. 2018ರಲ್ಲಿ ಬಂದ ನಿಯಮ ಈಗಲೂ ನಡೀತಿದೆ, 2025ರ ಫೆಬ್ರವರಿಯಲ್ಲಿ ಅದನ್ನು ಬಿಗಿ ಮಾಡಿದರು.

ಮೊದಲು ನೋಂದಾಯಿತ ಟೆಲಿಮಾರ್ಕೆಟರ್‌ಗಳು ಆ ಪಟ್ಟಿಯನ್ನೇ ಇಳಿಸಿಕೊಂಡು ತಮ್ಮ ಕಂಪ್ಯೂಟರಿನಲ್ಲಿ ತಾಳೆ ನೋಡ್ತಿದ್ದರು. ಈಗ ಉಲ್ಟಾ. ಪಟ್ಟಿ ನಮ್ಮ ಕೈಗೆ ಬರೋದಿಲ್ಲ. ನಮ್ಮ ನಂಬರುಗಳೇ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಅನ್ನೋ ಹಂಚಿಕೆಯ ಕಂಪ್ಯೂಟರ್ ದಾಖಲೆ ವ್ಯವಸ್ಥೆಗೆ ಹೋಗಿ, ಅಲ್ಲಿ ಜರಡಿ ಹಿಡಿಸಿಕೊಂಡು ಬರ್ತವೆ. ಕಸುಬಿನವರು ಇದಕ್ಕೆ ಸ್ಕ್ರಬ್ಬಿಂಗ್ ಅಂತಾರೆ. ಮೊದಲ ಸಲ ಕೇಳಿದಾಗ ನನಗೆ ಪಾತ್ರೆ ತಿಕ್ಕೋದೇ ನೆನಪಾಗಿತ್ತು. ನಮ್ಮ ಊರಿನ ಪಟ್ಟಿಗಳಲ್ಲಿ ಕೊಲ್ಹಾಪುರದ ಸಿಮ್ಮು, ಗೋವಾದ ಸಿಮ್ಮು ಎಲ್ಲ ಕಲಸಿರ್ತವೆ. ಗಡಿ ಊರು ನೋಡಿ. ಸರ್ಕಲ್, ಅಂದರೆ ಟೆಲಿಕಾಂ ವಲಯ, ಬೇರೆ ಆದ್ರೆ ನಿಯಮ ಬೇರೆ ಅಂತ ಸುಮಾರು ಜನ ತಿಳಿದಿದ್ದಾರೆ. ಹಾಗಿಲ್ಲ, ದೇಶಕ್ಕೆಲ್ಲ ಒಂದೇ.

ಆದರೆ ಜರಡಿಗೆ ಹಾಕೋ ಕಾಳೇ ಸರಿ ಇರಬೇಕಲ್ವಾ? ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ ನಾನು ನೋಡಿದ ತಪ್ಪುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲೇ ಆಗಿವೆ.

ಒಬ್ಬರು ಎರಡು ಸಾವಿರ ನಂಬರಿನ ಹಾಳೆ ತಂದರು. "ಮೇಡಂ, ಚೆಕ್ ಮಾಡಿಸಿದೀವ್ರೀ, ಒಂದೂ ಡಿಎನ್‌ಡಿ ಸಿಗಲಿಲ್ಲ" ಅಂತ ಖುಷಿಯಿಂದ ಹೇಳಿದರು. ನನಗೆ ಎದೆ ಧಸಕ್ಕಂತು. ಎರಡು ಸಾವಿರ ಜನರಲ್ಲಿ ಒಬ್ಬರೂ ಬೇಡ ಅಂದಿಲ್ಲ ಅಂದ್ರೆ ಅದು ಒಳ್ಳೇ ಪಟ್ಟಿ ಅಲ್ಲ, ತಾಳೆಯೇ ಬಿದ್ದಿಲ್ಲ ಅಂತ ಅರ್ಥ. ಹಾಳೆ ತೆಗೆದು ನೋಡಿದೆ. ಕೆಲವು ನಂಬರಿಗೆ ಮುಂದೆ ಸೊನ್ನೆ. ಕೆಲವಕ್ಕೆ 91. ಕೆಲವದರ ನಡುವೆ ಖಾಲಿ ಜಾಗ. ಒಂದು ಖಾನೆಯಲ್ಲಿ ಎರಡು ನಂಬರು, ನಡುವೆ ಅಡ್ಡಗೀಟು, ಗಂಡನದು ಹೆಂಡತಿಯದು. ಅವರಿಗೆ ಚೆಕ್ ಮಾಡಿಕೊಟ್ಟವನು ಬರೀ ಹತ್ತು ಅಂಕಿಯ ಹಳೇ ಪಟ್ಟಿಯೊಂದರ ಜೊತೆ ಇದನ್ನು ಹಾಗೇ ಹೋಲಿಸಿದ್ದ. ಸೊನ್ನೆ ಅಂಟಿಕೊಂಡ ನಂಬರು ಅದಕ್ಕೆ ಹ್ಯಾಗೆ ಸಿಗಬೇಕು?

ಅದಕ್ಕಿಂತ ಕೆಟ್ಟದ್ದು ಇನ್ನೊಂದು. 91 ಸೇರಿಸಿದರೆ ಹನ್ನೆರಡು ಅಂಕಿ ಆಗ್ತದೆ. ಎಕ್ಸೆಲ್ ಅದನ್ನು ದೊಡ್ಡ ಸಂಖ್ಯೆ ಅಂದುಕೊಂಡು 9.19, ಆಮೇಲೆ ಒಂದು "ಇ", ಪ್ಲಸ್ 11 ಅಂತ ತೋರಿಸ್ತದೆ. ಹಾಗೇ ಸಿಎಸ್‌ವಿ ಅನ್ನೋ ಸಾದಾ ಅಕ್ಷರದ ಫೈಲ್ ಮಾಡಿ ಉಳಿಸಿದಿರೋ, ಕೊನೆಯ ಅಂಕಿಗಳು ಹೋದವು. ಆಮೇಲೆ ಆ ಖಾನೆಯಿಂದ ಹುಟ್ಟೋ ನಂಬರು ನಿಮ್ಮ ಗಿರಾಕಿಯದಲ್ಲ. ಅದಕ್ಕೇ ಮೊದಲು ಕಾಲಂ ಟೆಕ್ಸ್ಟ್ ಮಾಡಿ, ಎಲ್ಲ ನಂಬರನ್ನೂ ಹತ್ತು ಅಂಕಿಗೆ ತನ್ನಿ, ಜೋಡಿ ನಂಬರು ಬಿಡಿಸಿ. ಆಮೇಲೆ ಜರಡಿ.

ಹಳೇ ಪಟ್ಟಿಯ ಮಾತು ಬಂತು ನೋಡಿ. ಬಿಟ್ಟ ನಂಬರನ್ನು ಕಂಪನಿಗಳು 90 ದಿನ ಕಾದು ಬೇರೆಯವರಿಗೆ ಕೊಡಬಹುದು. ಹೋದ ದೀಪಾವಳಿಗೆ ನಿಮ್ಮ ಲಕ್ಕಿ ಡ್ರಾ ಡಬ್ಬಿಯಲ್ಲಿ ಚೀಟಿ ಹಾಕಿದವರ ನಂಬರು ಈ ದೀಪಾವಳಿಗೆ ಇನ್ಯಾರ ಜೇಬಿನಲ್ಲೋ ಇರಬಹುದು. ಜನರೂ ದಿನಾ 1909ಕ್ಕೆ ಫೋನ್ ಮಾಡ್ತಾನೇ ಇರ್ತಾರೆ. ಹಂಗಾಗಿ ಪ್ರತಿ ಸಲ ಕಾಲ್ ಮಾಡೋ ಮುಂಚೆ ಜರಡಿ ಹಿಡೀಬೇಕು. ವರ್ಷಕ್ಕೊಮ್ಮೆ ಸುಣ್ಣ ಹೊಡೆಸಿದ ಹಾಗೆ ಮಾಡೋ ಕೆಲಸ ಅಲ್ಲ ಇದು. ಲಕ್ಕಿ ಡ್ರಾ ಚೀಟಿಯನ್ನು ಒಪ್ಪಿಗೆ ಅಂತಲೂ ತಿಳೀಬೇಡಿ. ಆ ಮನುಷ್ಯ ಕುಕ್ಕರ್ ಸಿಗಲಿ ಅಂತ ನಂಬರು ಬರೆದದ್ದು.

ಇಲ್ಲಿ ಬೇರೆ ದೇಶಕ್ಕೆ ಕಾಲ್ ಮಾಡೋ ಹುಡುಗರೂ ಕೂತಿದ್ದೀರಿ. ಅಮೆರಿಕದ ಪಟ್ಟಿ ಶುರುವಾಗಿದ್ದು 2003ರಲ್ಲಿ. ಅಲ್ಲಿ ಕನಿಷ್ಠ 31 ದಿನಕ್ಕೊಮ್ಮೆ ಹೊಸ ಪಟ್ಟಿಯ ಜೊತೆ ತಾಳೆ ನೋಡಲೇಬೇಕು. ಐದು ಏರಿಯಾ ಕೋಡ್‌ವರೆಗೆ, ಅಂದರೆ ನಮ್ಮ ಎಸ್‌ಟಿಡಿ ಕೋಡ್ ಇದ್ದ ಹಾಗೆ, ಪಟ್ಟಿ ಪುಕ್ಕಟೆ, ಆಮೇಲೆ ದುಡ್ಡು. ತಪ್ಪಿದರೆ ದಂಡ ಒಂದೊಂದು ಕಾಲ್‌ಗೆ 50 ಸಾವಿರ ಡಾಲರ್ ದಾಟಬಹುದು. ಆ ಪಟ್ಟಿಯಲ್ಲಿ ಇಲ್ಲದವರೂ "ಇನ್ನು ಮಾಡಬೇಡಿ" ಅಂದರೆ ಕಂಪನಿ ಅದನ್ನು ತನ್ನದೇ ಪಟ್ಟಿಯಲ್ಲಿ ಬರೆದಿಡಬೇಕು. ನನ್ನ "ಬ್ಯಾಡ ಅಂದಾರ" ಕಾಲಂ ಅಲ್ಲಿ ಕಾನೂನೇ ಆಗಿದೆ ಅಂತ ಗೊತ್ತಾದಾಗ ಸ್ವಲ್ಪ ಬೀಗಿದೆ, ಸುಳ್ಳು ಯಾಕೆ ಹೇಳಲಿ.

ಈಗ ಎರಡನೇ ಸಲ ಕೈ ಎತ್ತಿದವರು ಕೇಳಿ. "ನಾವು ಡಿಎನ್‌ಡಿ ನೋಡಿಯೇ ಫೋನ್ ಮಾಡ್ತೀವಿ" ಅಂದ್ರೂ ನೀವು ಪಾರಾಗಲ್ಲ. ಜಾಹೀರಾತಿನ ಕಾಲ್ ಹತ್ತು ಅಂಕಿಯ ಸಾದಾ ಮೊಬೈಲಿನಿಂದ ಹೋಗೋ ಹಾಗೇ ಇಲ್ಲ. ನೋಂದಾಯಿಸಿಕೊಂಡು 140ರಿಂದ ಶುರುವಾಗೋ ನಂಬರಿನಿಂದ ಹೋಗಬೇಕು. 2025ರ ತಿದ್ದುಪಡಿ ಆದ ಮೇಲೆ, ಡಿಎನ್‌ಡಿ ಹಾಕಿಸದ ಮನುಷ್ಯ ಕೂಡ ನೋಂದಾಯಿಸದವರ ಕಾಲ್ ಬಗ್ಗೆ ದೂರು ಕೊಡಬಹುದು. ಮೊದಲು ಮೂರು ದಿನದೊಳಗೆ ಕೊಡಬೇಕಿತ್ತು, ಈಗ ಏಳು ದಿನ. ಹತ್ತು ದಿನದಲ್ಲಿ ಐದು ದೂರು ಬಂದರೆ ಸಾಕು, ಕ್ರಮ ಶುರು. ಮೊದಲ ತಪ್ಪಿಗೆ ನಿಮ್ಮ ಹೆಸರಿನ ಕನೆಕ್ಷನ್‌ಗಳಿಂದ 15 ದಿನ ಹೊರಗೆ ಕಾಲ್ ಹೋಗಲ್ಲ. ಮತ್ತೆ ಮಾಡಿದರೆ ಎಲ್ಲ ಕಂಪನಿಗಳಲ್ಲೂ ಒಂದು ವರ್ಷ ಬಂದ್.

ಖಡೇ ಬಜಾರಿನಲ್ಲಿ ನಡೆದು ಹೋಗುವಾಗ ಬೋರ್ಡುಗಳನ್ನು ನೋಡಿ. ಅಂಗಡಿ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಮೊಬೈಲ್ ನಂಬರು. ಕೈಚೀಲದ ಮೇಲೆ ಅದೇ ನಂಬರು. ಬಿಲ್ ಬುಕ್ಕಿನ ಮೇಲೆ ಅದೇ. ಫೋನ್‌ಪೇ ಸ್ಕ್ಯಾನರ್‌ಗೆ ಜೋಡಿಸಿದ್ದೂ ಅದೇ. ಆ ಸಿಮ್ಮಿನಿಂದಲೇ "ಸೀರೆ ಸೇಲ್ ಅದರೀ" ಅಂತ ದಿನಕ್ಕೆ ಇನ್ನೂರು ಕಾಲ್. ಆ ನಂಬರು ಒಂದು ವರ್ಷ ಬಂದ್ ಆದರೆ ಏನಾಗ್ತದೆ ಅಂತ ನಾನು ವ್ಯಾಪಾರಸ್ಥರಿಗೆ ಹೇಳಬೇಕಾ?

ವಾಟ್ಸಾಪ್ ಈ ಟ್ರಾಯ್ ನಿಯಮದೊಳಗೆ ಬರಲ್ಲ, ಇದು ಕಾಲ್ ಮತ್ತು ಎಸ್‌ಎಂಎಸ್‌ಗೆ. ಆದರೆ 2023ರ ವೈಯಕ್ತಿಕ ದತ್ತಾಂಶ ಕಾನೂನು ಇದೆ. ನಂಬರು ಎಲ್ಲಿಂದ ತಂದಿರಿ, ಯಾವ ಕೆಲಸಕ್ಕೆ ಅಂತ ಕೇಳಿದರೆ ಅಲ್ಲಿ ಉತ್ತರ ಬೇಕು. ಅದೇ ಒಂದು ಬೇರೆ ಉಪನ್ಯಾಸ, ಊಟ ತಡ ಆಗ್ತದೆ.

ಪ್ರಶ್ನೆ ಇದ್ದರೆ ಕೇಳ್ರಿ. ಅದಕ್ಕೂ ಮುಂಚೆ ನನ್ನದೇ ಒಂದು ಪ್ರಶ್ನೆ. ಬಾಗಿಲ ಹತ್ತಿರದ ರಿಜಿಸ್ಟರಿನಲ್ಲಿ ಎಲ್ಲರೂ ಹೆಸರು, ಮೊಬೈಲ್ ನಂಬರು ಬರೆದು ಒಳಗೆ ಬಂದಿರಿ. ಯಾತಕ್ಕೆ ಅಂತ ಯಾರಾದ್ರೂ ಕೇಳಿದಿರೇನು? ನಾನು ಕೇಳಿದೆ. ಚಹಾ, ಫಳಾರದ ಲೆಕ್ಕಕ್ಕಂತೆ.