ಹೊಸೂರಿಗೆ ಬಂದು ನಿಲ್ಲುತ್ತಿದ್ದ ಸಣ್ಣ ರೈಲು

ಎಲ್ಲರಿಗೂ ನಮಸ್ಕಾರ. ಇದು ಕೃಷ್ಣಗಿರಿ ಜಿಲ್ಲೆಯ ರಾಯಕೋಟೆ. ಆ ಬೆಟ್ಟದ ಮೇಲೆ ಕಾಣುವುದೇ ಕೋಟೆ. ಬೆಂಗಳೂರಿನಿಂದ ಸೇಲಂಗೆ ಹೋಗುವ ರೈಲು ಈ ಊರಿನ ಮೇಲೇ ಹೋಗುತ್ತದೆ. ಆದರೆ ನಮ್ಮ ಕಡೆಗೆ ಮೊದಲು ಬಂದ ರೈಲು ಇದಲ್ಲ. ಮೊದಲು ಬಂದದ್ದು ಮೊರಪ್ಪೂರಿನಿಂದ ಧರ್ಮಪುರಿ ಮೇಲೆ ಹೊಸೂರಿಗೆ ಬರುತ್ತಿದ್ದ ಸಣ್ಣ ರೈಲು. ಅದು ನಿಂತಿದ್ದು 1941ರಲ್ಲಿ. ಸ್ಟೇಷನ್ ಮುಚ್ಚಿದರು, ಹಳಿಯನ್ನೂ ಕಿತ್ತುಕೊಂಡು ಹೋದರು.

ಅದನ್ನು ಹಾಕಿದ್ದೇ ಬರಗಾಲದ ಭಯಕ್ಕೆ. ಆಗ ಹೊಸೂರು, ಧರ್ಮಪುರಿ ಎಲ್ಲ ಸೇಲಂ ಜಿಲ್ಲೆಗೇ ಸೇರಿದ್ದವು. 1876ರಿಂದ 78ರವರೆಗಿನ ದೊಡ್ಡ ಕ್ಷಾಮದಲ್ಲಿ ಈ ಭಾಗ ನಲುಗಿಹೋಗಿತ್ತು. ಬೇರೆ ಕಡೆಯಿಂದ ದವಸ ತರೋಣವೆಂದರೆ ಎತ್ತಿನ ಗಾಡಿಯೇ ಗತಿ. ಬರದಲ್ಲಿ ಮೇವಿಲ್ಲ, ನೀರಿಲ್ಲ, ಮೊದಲು ಸಾಯುವುದೇ ಎತ್ತುಗಳು. ಇನ್ನು ಗಾಡಿ ಎಳೆಯುವವರು ಯಾರು? ಅದಕ್ಕೇ ರೈಲು ಬೇಕಾಯಿತು.

1906ರಲ್ಲಿ, ಮದ್ರಾಸಿನ ದೊಡ್ಡ ಲೈನಿನ ಮೇಲಿರುವ ಮೊರಪ್ಪೂರಿನಿಂದ ಧರ್ಮಪುರಿಗೆ ರೈಲು ಬಂತು. 1913ರಲ್ಲಿ ಘಟ್ಟ ಹತ್ತಿ ಹೊಸೂರು ಮುಟ್ಟಿತು. ನೂರು ಕಿಲೋಮೀಟರಿಗೂ ಜಾಸ್ತಿ ದಾರಿ. ಖರ್ಚು ಕಡಿಮೆಯಾಗಲಿ ಅಂತ ನ್ಯಾರೋಗೇಜ್ ಹಾಕಿದ್ದರು. ಎರಡು ಹಳಿಗಳ ನಡುವೆ ಬರೀ ಎರಡೂವರೆ ಅಡಿ. ಮೊರಪ್ಪೂರಿನ ದೊಡ್ಡ ಲೈನಿನಲ್ಲಿದ್ದುದು ಬ್ರಾಡ್‌ಗೇಜ್, ಅಂದರೆ ಅಗಲವಾದ ಹಳಿ; ಒಂದರ ಬೋಗಿ ಇನ್ನೊಂದರ ಮೇಲೆ ಓಡುವುದಿಲ್ಲ. ಹಾಗಾಗಿ ಅಲ್ಲಿ ಪ್ರತಿ ಮೂಟೆಯನ್ನೂ ಇಳಿಸಿ ಮತ್ತೆ ತುಂಬಬೇಕಿತ್ತು.

ನನಗೆ ಸಂಕಟವಾಗುವುದು ಇದಕ್ಕಲ್ಲ. ಮ್ಯಾಪ್ ನೋಡಿ. ಹೊಸೂರಿನಿಂದ ಬೆಂಗಳೂರಿಗೆ 40 ಕಿಲೋಮೀಟರ್ ಅಷ್ಟೇ. ಹೊಸೂರು, ಕೆಲಮಂಗಲ, ತಳಿ ಕಡೆಯ ನಮ್ಮ ಜನಕ್ಕೆ ನೆಂಟರು, ಸಂತೆ, ಹೆಣ್ಣು ಕೊಟ್ಟು ತರುವುದು ಎಲ್ಲ ಆನೇಕಲ್, ಬೆಂಗಳೂರು ಕಡೆ. ರೈಲು ಮಾತ್ರ ಮೊರಪ್ಪೂರಿಗೆ ಹೋಗಿ ಮದ್ರಾಸಿನ ದಾರಿ ಹಿಡಿಯಿತು. ಹೊಸೂರಿನ ಆಚೆ ಮೈಸೂರು ಸಂಸ್ಥಾನ. ಗಡಿಯ ಹತ್ತಿರ ಬಂದು ಹಳಿ ಮುಗಿಯಿತು. ಅದೊಂದು ತುಂಡು ಸೇರಿಸಿದ್ದರೆ ರೈಲು ತುಂಬಿ ಓಡುತ್ತಿತ್ತು ಅಂತ ಈಗಲೂ ನಂಬಿದ್ದೇನೆ.

ಆಮೇಲೆ ಬಸ್ಸು ಬಂತು, ಲಾರಿ ಬಂತು. ಅಷ್ಟರಲ್ಲಿ ಎರಡನೇ ಮಹಾಯುದ್ಧ. ಕಬ್ಬಿಣಕ್ಕೆ ಎಲ್ಲಿಲ್ಲದ ಬೇಡಿಕೆ. ಜನರ ಹೊಟ್ಟೆಗಾಗಿ ಹಾಕಿದ ಹಳಿ ಯುದ್ಧದ ಕೆಲಸಕ್ಕೆ ಹೋಯಿತು. ಮತ್ತೆ ಇಲ್ಲಿ ರೈಲಿನ ಸದ್ದು ಕೇಳಿದ್ದು 1960ರ ದಶಕದ ಕೊನೆಗೆ, ಬೆಂಗಳೂರು–ಸೇಲಂ ನಡುವೆ ಒಂದು ಮೀಟರ್ ಅಗಲದ ಮೀಟರ್‌ಗೇಜ್ ಹಳಿ ಬಂದಾಗ. ಒಂದು ತಲೆಮಾರು ರೈಲಿಲ್ಲದೆ ಬೆಳೆಯಿತು, ಅಲ್ವಾ? ಬ್ರಾಡ್‌ಗೇಜ್ ಆಗಿದ್ದು 90ರ ದಶಕದಲ್ಲಿ. ಮೊರಪ್ಪೂರು–ಧರ್ಮಪುರಿ ಲೈನ್ ಮತ್ತೆ ಹಾಕಲು 2019ರಲ್ಲಿ ಅಡಿಗಲ್ಲು ಬಿತ್ತು. 36 ಕಿಲೋಮೀಟರ್ ದಾರಿ ಅದು.

ಆ ಸಣ್ಣ ರೈಲು ಹತ್ತಿದವರಿಗೆ ಈಗ ತೊಂಬತ್ತು ದಾಟಿರುತ್ತದೆ. ಪಾಲಕೋಡು, ಮಾರಂಡಹಳ್ಳಿ, ರಾಯಕೋಟೆ, ಕೆಲಮಂಗಲ ಕಡೆ ನಿಮ್ಮ ಮನೆಯಲ್ಲಿ ಅಂಥ ಅಜ್ಜಿ, ತಾತ ಇದ್ದರೆ ದಯವಿಟ್ಟು ಇವತ್ತೇ ಪಕ್ಕದಲ್ಲಿ ಕೂತು ಕೇಳಿ. ಟಿಕೆಟ್ ಎಷ್ಟಿತ್ತು, ಸ್ಟೇಷನ್ ಎಲ್ಲಿತ್ತು, ಘಟ್ಟ ಹತ್ತಲು ಎಷ್ಟು ಹೊತ್ತು ಬೇಕಿತ್ತು. ಫೋನಿನಲ್ಲಿ ರೆಕಾರ್ಡ್ ಮಾಡಿ ನನಗೂ ಕಳಿಸಿ. ಮುಂದಿನ ವಿಡಿಯೋದಲ್ಲಿ ಅವರ ಮಾತನ್ನೇ ಹಾಕುತ್ತೇನೆ.