ಸುಳಿಯಲ್ಲೇ ಸಂಸಾರ

ಕೇಳುಗರಿಗೆ ನಮಸ್ಕಾರ.

ಜೀರುಂಡೆ ಅಂದ ಕೂಡಲೇ ಉಬ್ಬಿದ, ಗಟ್ಟಿ ಬೆನ್ನಿನ ಹುಳು ನೆನಪಾಗುತ್ತದೆ, ಅಲ್ವಾ? ನಾನು ಹೇಳಹೊರಟಿರುವುದು ಚಪ್ಪಟೆ ಜೀರುಂಡೆಗಳ ವಿಷಯ. ಕುಲದ ಹೆಸರು ಸೆಫಲೋಲಿಯಾ. ಮೆಕ್ಸಿಕೋದಿಂದ ಅರ್ಜೆಂಟೀನಾವರೆಗೆ ಇದರ 200ಕ್ಕೂ ಹೆಚ್ಚು ಪ್ರಭೇದಗಳಿವೆ. ಆದರೂ ಕೀಟತಜ್ಞರ ಆಚೆ ಈ ಹೆಸರು ಕೇಳಿದವರು ಕಡಿಮೆ.

ಆ ಕಾಡುಗಳಲ್ಲಿ ಹೆಲಿಕೋನಿಯಾ ಗಿಡಗಳು ಜಾಸ್ತಿ. ಬಾಳೆ, ಶುಂಠಿಗಳ ದೂರದ ನೆಂಟ. ಇದರ ಹೊಸ ಎಲೆಯೂ ಬಾಳೆಯಂತೆ ಸುಳಿಯಾಗಿಯೇ ಮೇಲೆ ಬರುತ್ತದೆ. ಬಿಚ್ಚಿಕೊಳ್ಳಲು ಕೆಲವು ದಿನ ಬೇಕು. ಅಷ್ಟು ದಿನ ಜೀರುಂಡೆಗೆ ಅದೇ ಮನೆ, ಅದೇ ಊಟ. ಒಳಗೆ ನೆರಳು, ತೇವ, ಎಳೆ ಎಲೆ. ಜಾಗ ಮಾತ್ರ ಇಕ್ಕಟ್ಟು. ಚಪ್ಪಟೆ ಮೈ ಇದ್ದರಷ್ಟೇ ನುಸುಳಲು ಸಾಧ್ಯ. ಮರಿಹುಳುವಂತೂ ಎಲೆಗೆ ಅಂಟಿಸಿದ ಬಿಲ್ಲೆಯ ಹಾಗಿರುತ್ತದೆ. ತಲೆ, ಕಾಲು ಎರಡೂ ಬೆನ್ನಿನ ಅಡಿಯಲ್ಲಿ ಮುಚ್ಚಿಹೋಗಿರುತ್ತವೆ. ಅಲ್ಲೇ ಕೂತು ಎಲೆಯ ಮೇಲ್ಪದರ ಕೆರೆದು ತಿನ್ನುತ್ತದೆ. ಎಲೆ ಬಿಚ್ಚಿತೋ, ದೊಡ್ಡ ಜೀರುಂಡೆ ಗಂಟುಮೂಟೆ ಕಟ್ಟಿ ಇನ್ನೊಂದು ಸುಳಿ ಹುಡುಕಬೇಕು.

ಡೊನಾಲ್ಡ್ ಸ್ಟ್ರಾಂಗ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಮಧ್ಯ ಅಮೆರಿಕದಲ್ಲಿ ಇಂಥ ಸುಳಿಗಳನ್ನು ಬಿಚ್ಚಿ ನೋಡುತ್ತಾ ಹೋದರು. ಒಂದೇ ಸುಳಿಯಲ್ಲಿ ಬೇರೆ ಬೇರೆ ಪ್ರಭೇದದ ಜೀರುಂಡೆಗಳು! ಊಟ ಒಂದೇ, ಜಾಗ ಒಂದೇ, ಕಚ್ಚಾಡಬೇಕಿತ್ತು. ಆದರೆ ಜಗಳವೇ ಇಲ್ಲ. ಕಾರಣ ಸರಳ: ಅವು ತಿನ್ನುವುದು ಎಲೆಯ ಸ್ವಲ್ಪ ಭಾಗವನ್ನಷ್ಟೇ. ಊಟ ಮುಗಿಯುವುದೇ ಇಲ್ಲ ಅಂದಮೇಲೆ ಕಿತ್ತಾಟ ಯಾಕೆ? ಒಂದೇ ಆಹಾರಕ್ಕೆ ಬಿದ್ದ ಜೀವಿಗಳು ಪೈಪೋಟಿ ಮಾಡಲೇಬೇಕು ಅನ್ನುವವರಿಗೆ ಇದು ನುಂಗಲಾರದ ತುತ್ತು.

ಇನ್ನೊಂದು ತಕರಾರಿನ ಕಥೆಯಿದೆ. ಅಮೆರಿಕದ ನಾರ್ತ್ ಡಕೋಟಾ, ವ್ಯೋಮಿಂಗ್‌ಗಳಲ್ಲಿ ಶುಂಠಿ ಗುಂಪಿನ ಎಲೆಗಳ ಪಳೆಯುಳಿಕೆ ಸಿಕ್ಕಿದವು. ಹಳೆಯವು ಡೈನೋಸಾರ್‌ಗಳ ಕೊನೆಗಾಲದವು. ಅವುಗಳ ಮೇಲೆ ಯಾವುದೋ ಹುಳು ತಿಂದ ಗುರುತು. ಇದು ಸುಳಿ ಜೀರುಂಡೆಯ ಬಳಗದ್ದೇ ಕೆಲಸ ಎಂದು 2000ದಲ್ಲಿ ಒಂದು ತಂಡ ಹೇಳಿತು. ಗುರುತಿಗೆ ಸ್ಟ್ರಾಂಗ್ ಅವರ ಹೆಸರನ್ನೂ ಇಟ್ಟಿತು. 2008ರಲ್ಲಿ ಇನ್ನಿಬ್ಬರು, ಬದುಕಿರುವ ಜೀರುಂಡೆಗಳು ಮಾಡುವ ಗುರುತುಗಳ ಜತೆ ಅದನ್ನು ಹೋಲಿಸಿದರು. ಇವು ಹಾಗೆ ತಿನ್ನುವುದೇ ಇಲ್ಲ ಅಂದರು. ನನಗೆ ಈ ಎರಡನೆಯವರ ಮಾತೇ ಜಾಸ್ತಿ ಸರಿ ಅನ್ನಿಸುತ್ತದೆ. ಕಲ್ಲಿನ ಮೇಲಿನ ಗುರುತು ನೋಡಿ ತಿಂದವರು ಯಾರೆಂದು ಹೇಳುವುದು ಸುಮ್ನೆ ಮಾತಲ್ಲ.

ನಮಸ್ಕಾರ.