ಪೆಟ್ರುಸ್: ನೀಲಿ ಜೇಡಿಯ ವೈನ್

ಎಲ್ಲರಿಗೂ ನಮಸ್ಕಾರ. ವೈನ್ ಬಗ್ಗೆ ಮಾತು ಅಂತ ಕರೆದು ಮೇಜಿನ ಮೇಲೆ ಮಣ್ಣಿನ ಹೆಂಟೆ ಇಟ್ಟಿದ್ದಾರಲ್ಲ ಅನ್ನಿಸಿತಾ? ಪೆಟ್ರುಸ್ ಬಾಟಲಿಯೊಂದಕ್ಕೆ ಲಕ್ಷಗಟ್ಟಲೆ ರೂಪಾಯಿ. ಹೆಂಟೆ ಪುಕ್ಕಟೆ ಸಿಕ್ಕಿತು. ಆದರೆ ಸುಮ್ನೆ ತಮಾಷೆಗೆ ತಂದದ್ದಲ್ಲ.

ಫ್ರಾನ್ಸಿನ ನೈಋತ್ಯಕ್ಕೆ ಬೋರ್ಡೊ ಸೀಮೆ. ಅಲ್ಲಿ ಪೊಮೆರೊಲ್ ಎಂಬ ಸಣ್ಣ ಊರು. ಪೆಟ್ರುಸ್ ತೋಟ ಸುಮಾರು 11.5 ಹೆಕ್ಟೇರು, ನಮ್ಮ ಲೆಕ್ಕದಲ್ಲಿ 28 ಎಕರೆ ಚಿಲ್ಲರೆ. ಬೋರ್ಡೊದ ದೊಡ್ಡ ಹೆಸರುಗಳ ಹಿಂದೆ 'ಶಾತೋ' ಇರುತ್ತದೆ, ಅಂದರೆ ಅರಮನೆಯಂಥ ಬಂಗಲೆ. ಇಲ್ಲಿ ಅರಮನೆಯೂ ಇಲ್ಲ, ಲೇಬಲ್ಲಿನಲ್ಲಿ ಆ ಪದವೂ ಇಲ್ಲ. 1855ರಲ್ಲಿ ಬೋರ್ಡೊ ವೈನ್‌ಗಳಿಗೆ ದರ್ಜೆ ಹಂಚಿದಾಗ ಪೊಮೆರೊಲ್ ಲೆಕ್ಕಕ್ಕೇ ಬರಲಿಲ್ಲ. ಅಲ್ಲಿ ಇವತ್ತಿಗೂ ದರ್ಜೆಪಟ್ಟಿ ಇಲ್ಲ.

ಈಗ ಮಣ್ಣಿಗೆ ಬರೋಣ. ಸುತ್ತಲಿನ ನೆಲದಲ್ಲಿ ಗರಸು ಜಾಸ್ತಿ. ನಡುವೆ ಸುಮಾರು 20 ಹೆಕ್ಟೇರಿನಷ್ಟು ಕಡೆ ಮಾತ್ರ ನೀಲಿ ಛಾಯೆಯ ಜೇಡಿ ಮೇಲೆದ್ದು ಬಂದಿದೆ. ಅದರ ನೆತ್ತಿಯ ಮೇಲೆ ಪೆಟ್ರುಸ್. ಸ್ಮೆಕ್ಟೈಟ್ ಜಾತಿಯ ಜೇಡಿ ಅದು. ನಮ್ಮ ಗದಗ, ವಿಜಯಪುರದ ಎರೆ ನೆಲದಲ್ಲಿರುವುದೂ ಅದೇ ಜಾತಿ. ಎರೆ ಹೊಲದಲ್ಲಿ ನಡೆದವರಿಗೆ ಗೊತ್ತು: ಮಳೆಗೆ ಉಬ್ಬಿ ಚಪ್ಪಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ.

ನೋಡಿ, ಈ ಹೆಂಟೆಗೆ ನೀರು ಹಾಕುತ್ತೇನೆ. ಮೊದಲು ಹೀರಿತು, ಅಲ್ವಾ? ಸ್ವಲ್ಪ ಹೊತ್ತಿಗೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಹಾಕಿದ್ದೆಲ್ಲ ಪಕ್ಕಕ್ಕೆ ಹರಿಯುತ್ತದೆ. ಪೆಟ್ರುಸ್‌ನಲ್ಲೂ ಜೋರು ಮಳೆಗೆ ಇದೇ ಆಗುವುದು. ಒಣ ಬೇಸಿಗೆಯಲ್ಲಿ ಆ ಜೇಡಿ ಹಿಡಿದಿಟ್ಟ ನೀರನ್ನು ಚೂರುಚೂರೇ ಬಿಡುತ್ತದೆ. ಬಳ್ಳಿ ಬಾಡುವುದೂ ಇಲ್ಲ, ಸೊಕ್ಕುವುದೂ ಇಲ್ಲ.

ಅಲ್ಲೀಗ ಬೆಳೆಯುವುದು ಮೆರ್ಲೊ ಎಂಬ ದ್ರಾಕ್ಷಿ ತಳಿ ಒಂದೇ. ಬೇರೆ ಕಡೆ ಮೆರ್ಲೊ ಅಂದರೆ ಮೆತ್ತಗಿನ, ಬೇಗ ಕುಡಿದು ಮುಗಿಸುವ ವೈನ್. ಈ ಜೇಡಿಯಲ್ಲಿ ಅದಕ್ಕೆ ಕಸುವು ಬರುತ್ತದೆ. ಎಳೆಯದಿದ್ದಾಗ ಬಣ್ಣ ಕಪ್ಪಿಗೆ ಹತ್ತಿರ, ಒಗರು ಬಿಗಿ. ಗಟ್ಟಿ ಡಿಕಾಕ್ಷನ್ ನಾಲಿಗೆ ಹಿಡಿಯುತ್ತದಲ್ಲ, ಹಾಗೆ. ಇಪ್ಪತ್ತು ವರ್ಷ ಬಿಟ್ಟು ತೆಗೆದರೆ ಆ ಒಗರು ಮಖಮಲ್ಲಾಗಿರುತ್ತದೆ, ಕಪ್ಪು ಹಣ್ಣಿನ ಪರಿಮಳದ ಜೊತೆ ಟ್ರಫಲ್ ಅಣಬೆಯ ವಾಸನೆ ಬರುತ್ತದೆ ಅಂತ ಕುಡಿದವರು ಹೇಳುತ್ತಾರೆ. ಕುಡಿದವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು, ಅದು ಬೇರೆ ಮಾತು.

ಮಣ್ಣು ಒಳ್ಳೆಯದು ಅಂತ ಸುಮ್ಮನೆ ಕೂತವರಲ್ಲ ಇವರು. 1956ರ ಫೆಬ್ರವರಿ ಚಳಿಗೆ ಬೋರ್ಡೊದಲ್ಲಿ ಬಳ್ಳಿಗಳು ಸತ್ತವು. ಅಕ್ಕಪಕ್ಕದವರು ಕಿತ್ತು ಹೊಸದು ನೆಟ್ಟರು. ಪೆಟ್ರುಸ್‌ನ ಆಗಿನ ಒಡತಿ ಮೇಡಂ ಲುಬಾ ಕೀಳಿಸಲಿಲ್ಲ. ಬುಡದವರೆಗೆ ಕಡಿಸಿದರು, ಹಳೇ ಬೇರಿನಿಂದಲೇ ಚಿಗುರಲು ಬಿಟ್ಟರು. ಫಸಲಿಗೆ ಕಾಯಬೇಕಾಯಿತು, ಆದರೆ ಹಳೇ ಬೇರು ಉಳಿಯಿತು. 1992ರಲ್ಲಿ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದುಕೊಂಡಾಗ, ತೋಟ ನೋಡಿಕೊಳ್ಳುತ್ತಿದ್ದ ಕ್ರಿಸ್ತಿಯಾನ್ ಮುಯೆಕ್ಸ್ ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿಸಿದರು. ನಮ್ಮವರು ಒಣದ್ರಾಕ್ಷಿಗೆ ತಾಡಪಾಲು ಮುಚ್ಚಲು ಓಡುತ್ತಾರಲ್ಲ, ಹೆಚ್ಚುಕಮ್ಮಿ ಅದೇ ಗಾಬರಿ.

ಅದರ ಹಿಂದಿನ ವರ್ಷ, 1991ರಲ್ಲಿ, ವಸಂತದ ಹಿಮಕ್ಕೆ ಚಿಗುರು ಸುಟ್ಟುಹೋಯಿತು. ಮುಖ್ಯ ವೈನಿನ ಮಟ್ಟಕ್ಕೆ ಬಾರದ್ದನ್ನು ಬೇರೆ ಹೆಸರಲ್ಲಿ ಮಾರಲು ಇವರಿಗೆ ಎರಡನೇ ದರ್ಜೆಯ ಲೇಬಲ್ ಇಲ್ಲ. ಹಾಗಾಗಿ 1991ರ ಪೆಟ್ರುಸ್ ಮಾರುಕಟ್ಟೆಗೇ ಬರಲಿಲ್ಲ.

ಹೆಂಟೆಯನ್ನು ಮುಂದಿನ ಸಾಲಿನಿಂದ ಕಳಿಸುತ್ತೇನೆ, ಹಿಸುಕಿ ನೋಡಿ. ಕೈ ಒರೆಸಲು ಬಟ್ಟೆ ಇಲ್ಲಿದೆ.